ಕಾರ್ಡು ಮಾಯ ಮಾಡೆಂದರು

ವೃದ್ಧಾಶ್ರಮಗಳಲ್ಲಿ ಜಾದೂ ಮಾಡುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ, "ಪಾಪ, ಆ ಮುದುಕರಿಗೆ ಏನು ತೋರಿಸಿದರೂ ನಡೆಯುತ್ತದೆ ಬಿಡಿ" ಎನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಮ್ಮೆ ಬಂದು ಅವರ ಮುಂದೆ ನಿಂತು ನೋಡಲಿ. ಚಿಕ್ಕ ಮಕ್ಕಳನ್ನು ಮರುಳು ಮಾಡುವುದು ಸುಲಭ, ಅವು ಮರುಳಾಗಲಿಕ್ಕೆಂದೇ ಬಂದು ಕೂತಿರುತ್ತವೆ. ಸಂತೆಯಲ್ಲಿ, ಸಂಸಾರದಲ್ಲಿ, ಆಸ್ಪತ್ರೆಯಲ್ಲಿ ಎಂಬತ್ತು ವರ್ಷ ಮೋಸ ಹೋಗಿ ಹೋಗಿ ಗಟ್ಟಿಯಾದವರು ಸುಮ್ಮಸುಮ್ಮನೆ ಬಾಯಿ ತೆರೆದು ನೋಡುವುದಿಲ್ಲ.

ನಾನು ಮಹಾರಾಷ್ಟ್ರ ಸರ್ಕಾರದ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ತವರುಮನೆ ಕನ್ನಡದ್ದು, ಕೊಟ್ಟಿದ್ದು ಸಾಂಗಲಿಯ ಮರಾಠಿ ಮನೆಗೆ. ಮಿರಜದ ಡಿಪೋದಲ್ಲಿ ಬಸ್ಸು ಬಿಡುವ ಹೊತ್ತಿಗಾಗಿ ಕಾಯುವಾಗ ನಮ್ಮ ಒಬ್ಬ ಡ್ರೈವರ್ ಬೆರಳ ಸಂದಿಯಲ್ಲಿ ನಾಣ್ಯ ಅಡಗಿಸಿ ತೋರಿಸುತ್ತಿದ್ದ. ನನಗೂ ಕಲಿಸು ಎಂದು ಬೆನ್ನು ಹತ್ತಿದೆ. ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದರಲ್ಲಿ ಟಿಕೀಟು, ಚಿಲ್ಲರೆ, ನೋಟು ಎಲ್ಲ ಸಂಭಾಳಿಸಿದ ಬೆರಳುಗಳಿಗೆ ಅದು ಬೇಗ ಒಗ್ಗಿತು. ನಿವೃತ್ತಿಯಾದ ಮೇಲೆ ಮಗ ಸೊಸೆ ಇಬ್ಬರೂ "ಇನ್ನು ಆರಾಮವಾಗಿರಿ" ಎಂದರು. ಎರಡೇ ತಿಂಗಳಲ್ಲಿ ಆ ಆರಾಮ ನನ್ನ ತಲೆ ಕೆಡಿಸಿತು. ಅದೇ ಸುಮಾರಿಗೆ ನೆರೆಮನೆಯವರ ಅತ್ತೆಯನ್ನು ನೋಡಲು ಸಾಂಗಲಿಯ ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆ. ಎಲ್ಲರೂ ಟೀವಿಗೆ ಮುಖ ಮಾಡಿ ಕೂತಿದ್ದರು, ಒಬ್ಬರೂ ಟೀವಿ ನೋಡುತ್ತಿರಲಿಲ್ಲ. ಮುಂದಿನ ವಾರವೇ ಹಗ್ಗ, ಕರವಸ್ತ್ರ, ಇಸ್ಪೀಟು ಎಲೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಇಸ್ಪೀಟು ಮೊದಲ ದಿನವೇ ನೆಲ ಕಚ್ಚಿತು. ಒಬ್ಬ ಅಜ್ಜನಿಗೆ, ಒಂದು ಎಲೆ ಆರಿಸಿ ನೆನಪಿಟ್ಟುಕೊಳ್ಳಿ ಎಂದೆ. ನಾನು ಎಲೆ ಕಲಸಿ ಮುಗಿಸುವಷ್ಟರಲ್ಲಿ ಅವರು ಮರೆತಿದ್ದರು. ತಪ್ಪು ಮಾಡಿದ ಶಾಲೆಯ ಹುಡುಗನಂತೆ ನನ್ನ ಮುಖ ನೋಡಿದರು. ಅಂದಿನಿಂದ ನೋಡುವವರು ಏನನ್ನಾದರೂ ನೆನಪಿಡಬೇಕಾದ ಯಾವ ಆಟವನ್ನೂ ನಾನು ಮಾಡುವುದಿಲ್ಲ. ಕಣ್ಣಿಗೆ ಪೊರೆ ಬಂದವರಿಗೂ ಕಾಣುವಂತೆ ದಪ್ಪ ಬಿಳಿ ಹಗ್ಗ, ಕೆಂಪು ಬಟ್ಟೆ ಇಟ್ಟುಕೊಂಡಿದ್ದೇನೆ. ಗಂಟು ಬಿಚ್ಚಿಕೊಳ್ಳುವುದು ಅವರ ಕೈಯಲ್ಲೇ ಆಗಬೇಕು, ನನ್ನ ಕೈಯಲ್ಲಲ್ಲ. ಇನ್ನೊಂದು ಕಟ್ಟುನಿಟ್ಟು: ಯಾರ ಕೈಯಿಂದ ಏನು ಪಡೆದೆನೋ ಅದನ್ನು ಅದೇ ಕೈಗೆ, ಎಲ್ಲರೆದುರು ಮರಳಿಸಬೇಕು. ಕಳೆದುಕೊಂಡೇ ಬಂದವರು ಅವರು. ಅವರ ವಸ್ತುವನ್ನು ಮಾಯ ಮಾಡಿ ನಗುತ್ತಾ ಹೊರಟುಬಿಡುವುದು ಜಾದೂ ಅಲ್ಲ, ಕಿಸೆಗಳ್ಳತನ.

ಮಿರಜದ ಹೊರಗೆ, ಆರಗ ಎಂಬ ಊರಿಗೆ ಬಸ್ಸು ಹೋಗುವ ರಸ್ತೆಯ ಪಕ್ಕದಲ್ಲಿರುವ ಆಶ್ರಮದಲ್ಲಿ ನನಗೆ ಒಬ್ಬ ಅಜ್ಜಿ ಸಿಕ್ಕರು, ನಾನು ಆಯಿ ಎನ್ನುತ್ತಿದ್ದೆ. ಕುರಿ ಸಾಕಿ ಬದುಕಿದ ಮನೆತನ. ಮಕ್ಕಳಿಲ್ಲ, ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಮೊಣಕಾಲು ಕೈಕೊಟ್ಟ ಮೇಲೆ ಅಣ್ಣನ ಮಗ ತಂದು ಇಲ್ಲಿ ಸೇರಿಸಿದ. ಆ ಇಡೀ ಆಶ್ರಮದಲ್ಲಿ ಕನ್ನಡದವರು ಅವರೊಬ್ಬರೇ. ನನ್ನ ಆಟಕ್ಕೆ ಮುಂದಿನ ಕುರ್ಚಿ ಹಿಡಿದು ಕೂರುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರೆ ಇವರು ಮಾತ್ರ, "ಆತು ಆತು, ಮುಂದ ನಡಿ" ಎನ್ನುತ್ತಿದ್ದರು. ನನಗೆ ಇಷ್ಟವಾಗಲು ಅಷ್ಟೇ ಸಾಕಾಗಿತ್ತು.

ಈ ಆಯಿ ಆಗಾಗ ಯಾರಿಗೂ ಹೇಳದೆ ಗೇಟು ದಾಟಿ, ರಸ್ತೆ ಬದಿಗೆ ನಿಂತು, ಕೈ ಮಾಡಿ, ಆರಗದ ಬಸ್ಸು ಹತ್ತಿಬಿಡುತ್ತಿದ್ದರು. ಎಪ್ಪತ್ತೈದು ದಾಟಿದವರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿದರೆ ಆಯಿತು. ಆ ಕಾರ್ಡು ಸದಾ ಅವರ ಸೊಂಟದ ಎಲೆಯಡಿಕೆ ಚಂಚಿಯೊಳಗೆ ಇರುತ್ತಿತ್ತು. ಒಂದು ದಿನ ಆಟ ಮುಗಿದ ಮೇಲೆ ಪಕ್ಕಕ್ಕೆ ಕೂತು ಕೇಳಿದೆ.

"ಆಯಿ, ಆರಗದಾಗ ಯಾರ ಅದಾರ್ರಿ ನಿಮ್ಮವರು?"

"ನಮ್ಮವರ ಯಾರೂ ಇಲ್ಲ. ಒಬ್ಬಾಕಿ ಹೊಟ್ಟಿಕಿಚ್ಚಿನ ಮುದಿಕಿ ಅದಾಳ. ಆಕಿ ಜೋಡಿ ಜಗಳಾಡಾಕ ಹೊಕ್ಕೀನಿ."

ನಾನು ನಕ್ಕೆ. ಅವರು ನಗಲಿಲ್ಲ.

"ಇಲ್ಲಿ ಎಲ್ಲಾರೂ ನನ್ನ ಕೂಸ ಮಾಡ್ಯಾರವ್ವ. ನಾ ಏನ ಅಂದ್ರೂ 'ಹೋ ಆಜೀ, ಹೋ ಆಜೀ' ಅಂತಾರ, ಹೌದ ಅಜ್ಜಿ ಅಂತ. ಸೂರ್ಯಾ ಪಡುವಣದಾಗ ಹುಟ್ಟತಾನ ಅಂದ್ರೂ ಹೋ ಅಂತಾರ. ಅಲ್ಲಿ ಹೋದ್ರ ಆಕಿ 'ಅಲ್ಲ' ಅಂತಾಳ ನೋಡು."

ಜಗಳ ಒಂದು ಟಗರಿನದು. ಇಬ್ಬರೂ ಹರೆಯದವರಾಗಿದ್ದಾಗ ಎರಡು ಮನೆಯವರು ಅಕ್ಕಪಕ್ಕದ ಹೊಲಗಳಲ್ಲಿ ರಾತ್ರಿಗೆ ಕುರಿ ತರುಬಿ ನಿಲ್ಲಿಸಿದ್ದರಂತೆ. ಬಿರುಗಾಳಿ ಮಳೆಗೆ ಹಿಂಡುಗಳು ಕಲೆತುಹೋದವು. ಬೆಳಕು ಹರಿದಾಗ ಆಯಿಯ ಮನೆಯ ಕರಿಕಿವಿಯ ಟಗರು ಆ ಇನ್ನೊಂದು ಮನೆಯವರ ಹಿಂಡಿನಲ್ಲಿತ್ತು. ಕೇಳಲು ಹೋದರೆ ಅದು ನಮ್ಮದೇ ಎಂದರು. ಹಿರಿಯರು ಸೇರಿ ನ್ಯಾಯ ಮಾಡಿದರು, ನ್ಯಾಯವೂ ಅವರ ಕಡೆಗೇ ಆಯಿತು. ಆ ಮನೆಯ ಅಂದಿನ ಸೊಸೆಯೇ ಈ ಮುದುಕಿ, ಈಗ ಆರಗದ ಬಸ್ ಸ್ಟ್ಯಾಂಡಿನ ಹತ್ತಿರ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಾಳೆ. ಆಯಿ ಹೋಗುತ್ತಾರೆ, ಟಗರು ಕೇಳುತ್ತಾರೆ, ಮನಸ್ಸು ತುಂಬ ಬೈದು ಬೈಸಿಕೊಂಡು ಮರಳುತ್ತಾರೆ.

ಮುಂದಿನ ಆಟದ ಹಿಂದಿನ ದಿನ ಆಶ್ರಮ ನಡೆಸುವ ಮ್ಯಾಡಮ್ ನನ್ನನ್ನು ಆಫೀಸಿಗೆ ಕರೆಸಿಕೊಂಡರು. ನನ್ನ ಸೊಸೆಯ ವಯಸ್ಸಿನ ಹೆಣ್ಣುಮಗಳು. ಹಿಂದಿನ ವಾರ ಆಯಿ ಕತ್ತಲಾದ ಮೇಲೆ ಕಾಲು ಊದಿಸಿಕೊಂಡು ಬಂದಿದ್ದರಂತೆ. ಬಸ್ಸು ಇಳಿಯುವಾಗ ಬಿದ್ದಿದ್ದರು.

"ಕಾರ್ಡು ಕೇಳಿದರೆ ಕೊಡುವುದಿಲ್ಲ, ಕಸಿದುಕೊಳ್ಳಲು ನನಗೆ ಮನಸ್ಸಿಲ್ಲ" ಎಂದು ಮರಾಠಿಯಲ್ಲಿ ಹೇಳಿದರು. "ನಿಮ್ಮ ಕೈಗೆ ತಾವಾಗಿಯೇ ಕೊಡುತ್ತಾರೆ. ನಾಳೆಯ ಆಟದಲ್ಲಿ ಅದನ್ನು ಮಾಯ ಮಾಡಿಬಿಡಿ. ಮರಳಿ ತರಬೇಡಿ. ಜಾದೂವಿನಲ್ಲಿ ಹೋಯಿತು ಎಂದರೆ ಯಾರ ಮೇಲೂ ಸಿಟ್ಟಾಗುವುದಿಲ್ಲ."

"ಆಗುವುದಿಲ್ಲ" ಎಂದೆ.

"ಅವರ ಒಳ್ಳೆಯದಕ್ಕೇ."

"ಒಳ್ಳೆಯದಕ್ಕೇ ಇರಬಹುದು. ನನ್ನಿಂದ ಆಗುವುದಿಲ್ಲ."

ಅವರು ನಿಟ್ಟುಸಿರು ಬಿಟ್ಟು, "ಯೋಚನೆ ಮಾಡಿ" ಎಂದರು. ಮನೆಗೆ ಬಂದು ಸೊಸೆಗೆ ಹೇಳಿದರೆ ಅವಳೂ, ಮ್ಯಾಡಮ್ ಹೇಳುವುದರಲ್ಲಿ ತಪ್ಪೇನಿದೆ ಅತ್ತೆ ಎಂದಳು.

ಮರುದಿನ ಹಾಲ್ ತುಂಬಿತ್ತು. ಹಗ್ಗದ ಆಟ ಮುಗಿಯಿತು. ಪಾರ್ಶ್ವವಾಯುವಾಗಿ ಎಡಗೈ ಬಿದ್ದುಹೋದ ಒಬ್ಬ ಕಾಕಾ ಬಲಗೈಯಿಂದ ತೊಡೆ ತಟ್ಟಿ ಚಪ್ಪಾಳೆಯ ಲೆಕ್ಕ ಸರಿದೂಗಿಸಿದರು. ಆಮೇಲೆ ಯಾರದಾದರೂ ಒಂದು ವಸ್ತು ಬೇಕು ಎಂದು ಕೇಳುವುದು ನನ್ನ ರೂಢಿ. ಕಾರ್ಡಿನ ಗೊಡವೆಯೇ ಬೇಡವೆಂದು ಹಿಂದಿನ ಸಾಲಿನವರ ಕರವಸ್ತ್ರ ಕೇಳಲು ಕೈ ಚಾಚಿದ್ದೆ. ಅಷ್ಟರಲ್ಲಿ ಆಯಿ ಚಂಚಿ ಬಿಚ್ಚಿ, ಕಾರ್ಡು ತೆಗೆದು, ನನ್ನ ಮುಂದೆ ಹಿಡಿದರು.

"ಇದನ್ನ ತುಗೊ. ಮಾಯ ಮಾಡು ನೋಡೂಣು."

ಬಾಗಿಲಲ್ಲಿ ಮ್ಯಾಡಮ್ ನಿಂತಿದ್ದರು. ಕಾರ್ಡು ಬೇಡ ಎನ್ನಬಹುದಾಗಿತ್ತು. ಆದರೆ ತಾವಾಗಿ ಎಂದೂ ಏನನ್ನೂ ಕೊಡದ ಮನುಷ್ಯರು ನಂಬಿ ಕೊಟ್ಟಾಗ ಬೇಡ ಎನ್ನಲು ನನಗೆ ನಾಲಗೆ ಏಳಲಿಲ್ಲ. ಕೆಂಪು ಬಟ್ಟೆಯಲ್ಲಿ ಸುತ್ತಿದೆ, ಆಯಿಯಿಂದ ಊದಿಸಿದೆ, ಬಟ್ಟೆ ಕೊಡವಿದೆ. ಕಾರ್ಡು ಇಲ್ಲ. ಎಲ್ಲರೂ "ಅರೇ!" ಎಂದರು. ಆಯಿ ಮಾತ್ರ, "ಆತು. ಈಗ ತಾ ಇಲ್ಲೆ" ಎಂದು ಅಂಗೈ ಚಾಚಿದರು.

ಕಾರ್ಡು ನನ್ನ ರವಿಕೆಯ ತೋಳಿನೊಳಗಿತ್ತು. ಬಾಗಿಲಲ್ಲಿದ್ದ ಮ್ಯಾಡಮ್ ಸಣ್ಣಗೆ ತಲೆಯಾಡಿಸಿದರು, ಸಾಕು, ಅಷ್ಟಕ್ಕೇ ಬಿಡಿ ಎಂಬಂತೆ. ನನಗೆ ಕೋಪ ನೆತ್ತಿಗೇರಿತು. ಇಷ್ಟು ದಿನ ಇಲ್ಲಿಗೆ ಬಂದು ಹೋಗಿ ಸಂಪಾದಿಸಿದ ವಿಶ್ವಾಸಕ್ಕೆ ಇದೇ ಉಪಯೋಗವೇ? ಬಾಯಿ ತಡೆಯಲಿಲ್ಲ. ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಹೇಳಿಬಿಟ್ಟೆ: "ಈ ಕಾರ್ಡು ಮರಳಿಸಬೇಡ ಎಂದು ನನಗೆ ಹೇಳಿದ್ದಾರೆ. ಮರಳಿಸಿದರೆ ಆಜಿ ಆರಗದ ಬಸ್ಸು ಹತ್ತುತ್ತಾರಂತೆ. ನೀವೇ ಹೇಳಿ, ಕೊಡಲೋ ಬೇಡವೋ?"

ಎಲ್ಲರೂ ನನ್ನ ಪಕ್ಷಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ರೈಲ್ವೆಯಲ್ಲಿದ್ದ ಒಬ್ಬ ಹಿರಿಯರು, ಕೊಡಬೇಡಿ, ಇನ್ನೊಮ್ಮೆ ಬಿದ್ದರೆ ಸೊಂಟದ ಎಲುಬು ಹೋಗುತ್ತದೆ, ಆಮೇಲೆ ಹಾಸಿಗೆಯೇ ಗತಿ ಎಂದರು. ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಒಬ್ಬ ಹೆಂಗಸು, ಕೊಟ್ಟುಬಿಡಿ, ನನ್ನ ಮೊಬೈಲೂ ಆಫೀಸಿನಲ್ಲೇ ಇದೆ, ಅದನ್ನೂ ಕೊಡಿಸಿ ಎಂದರು. ಮಾತಿಗೆ ಮಾತು ಬೆಳೆದು ಹಾಲ್‌ನಲ್ಲಿ ಸಂತೆಯಂಥ ಗದ್ದಲವಾಯಿತು. ತೊಡೆ ತಟ್ಟುವ ಕಾಕಾ ಸರಿಯಾಗಿ ಮಾತು ಹೊರಡದ ಬಾಯಿಂದ "ದ್ಯಾ! ದ್ಯಾ!" ಎಂದು ಕೂಗಿದರು, ಕೊಡಿ, ಕೊಡಿ ಎಂದು.

ಆಯಿ ಚಾಚಿದ ಕೈಯನ್ನು ಹಿಂದೆ ತೆಗೆದಿರಲಿಲ್ಲ. ಕಾರ್ಡು ಹೊರಗೆ ತೆಗೆದು ಅವರ ಅಂಗೈಯಲ್ಲಿಟ್ಟು, ಬೆರಳು ಮಡಚಿದೆ.

"ತೋಳಿನಾಗ ಇತ್ತು. ನಾ ನೋಡೀನಿ" ಎಂದರು ಆಯಿ.

ಆಫೀಸಿನಲ್ಲಿ ಮ್ಯಾಡಮ್ ಕೆಂಪಾಗಿ ಕೂತಿದ್ದರು. "ನಾಳೆ ಅವರಿಗೆ ಏನಾದರೂ ಆದರೆ ಯಾರು ಜವಾಬ್ದಾರಿ?" ಎಂದು ಕೇಳಿದರು. "ನಾನು" ಎಂದೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು, ಆದರೆ ಆಡಿದ ಮಾತು ನುಂಗುವ ಜಾತಿ ನನ್ನದಲ್ಲ. ಆಗ ಅವರು ಅತ್ತುಬಿಟ್ಟರು. ಆಯಿ ತಡವಾಗಿ ಬಂದ ಆ ಸಂಜೆ ತಾವು ಊಟ ಬಿಟ್ಟು ಗೇಟಿನಲ್ಲೇ ನಿಂತಿದ್ದರಂತೆ. ಎದುರಿಗೆ ಬಂದ ಪ್ರತಿ ಬಸ್ಸಿನ ಬೆಳಕು ಕಂಡಾಗಲೂ ಎದೆ ಹಾರುತ್ತಿತ್ತಂತೆ. ನಾನು ಎಲ್ಲರ ಮುಂದೆ ಹಾಗೆ ಹೇಳಿದ್ದು ಅವರಿಗೆ ನೋವಾಗಿದೆ ಎಂದು ತಿಳಿಯಿತು, ನೋವು ಮಾಡಿದ್ದಕ್ಕೆ ತಪ್ಪಾಯಿತು ಎಂದೆ. ಕಾರ್ಡು ಕೊಟ್ಟಿದ್ದಕ್ಕೆ ಮಾತ್ರ ಅನ್ನಲಿಲ್ಲ. ಕೊನೆಗೆ ವಾರ ಬಿಟ್ಟು ವಾರ ನಾನೇ ಆಯಿಯನ್ನು ಕರೆದೊಯ್ಯುವುದು, ಸಂಜೆಯ ಚಹದ ಹೊತ್ತಿಗೆ ಮರಳಿ ತಂದು ಬಿಡುವುದು ಎಂದಾಯಿತು.

ಮೊದಲ ಸಲ ಹೊರಟಾಗ ಆಯಿ ಕಂಡಕ್ಟರಿಗೆ ಕಾರ್ಡು ತೋರಿಸಿದ ಠೀವಿ ನೋಡಬೇಕಿತ್ತು. ಪೊಲೀಸ್ ಫೌಜುದಾರರು ಬಿಲ್ಲೆ ತೋರಿಸಿದಂತಿತ್ತು. ಆರಗದಲ್ಲಿ ಇಳಿಸಿ, ಕೈ ಹಿಡಿದು ಕಟ್ಟೆಯ ತನಕ ನಡೆಸಿದೆ. ಅಲ್ಲಿ ಒಣಗಿದ ಮೆಣಸಿನಕಾಯಿಯಂಥ ಒಬ್ಬ ಮುದುಕಿ ಕೂತಿದ್ದರು. ನಮ್ಮನ್ನು ನೋಡಿದ್ದೇ ದನಿ ಎತ್ತಿದರು.

"ಇನ್ನೂ ಸತ್ತಿಲ್ಲೇನ ನೀ? ಇಷ್ಟ ದಿನಾ ಬರಲಿಲ್ಲ, ಹೋತು ಪೀಡಾ ಅಂತ ತಿಳದಿದ್ನಿ."

"ನಿನ್ನ ಮಣ್ಣ ಮಾಡೇ ಸಾಯಾಕಿ ನಾ. ಟಗರ ಎಲ್ಲೈತಿ, ತಗಿ."

"ಯಾವ ಟಗರ? ನಮ್ಮ ಹಿಂಡಿನಾಗ ಹುಟ್ಟಿದ್ದ ಟಗರ ನಮ್ಮದ."

"ಕರಿಕಿವಿದು ನಿಮ್ಮ ಹಿಂಡಿನಾಗ ಯಾವಾಗ ಹುಟ್ಟಿತ್ತ? ನಿಮ್ಮಪ್ಪನ ಮದಿವ್ಯಾಗೇನ?"

ಒಂದು ತಾಸು ನಡೆಯಿತು. ನಡುವೆ ಚಹ ಬಂತು, ಕುಡಿದರು, ಲೋಟ ಕೆಳಗಿಟ್ಟು ಮತ್ತೆ ಶುರು ಮಾಡಿದರು. ಆಶ್ರಮದಲ್ಲಿ ಗೊಣಗುವ ಆಯಿಗೆ ಇಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಬೆನ್ನು ನೆಟ್ಟಗಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ನನ್ನ ಯಾವ ಆಟಕ್ಕೂ ಅವರು ಹೀಗೆ ಅರಳಿದ್ದಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಮಿರಜದ ಬಸ್ಸು ಬಂದು ನಿಂತಿತು. ಇಬ್ಬರು ಶಾಲೆಯ ಹುಡುಗಿಯರು ಆಯಿಯ ರಟ್ಟೆ ಹಿಡಿದು ಹತ್ತಿಸುತ್ತಿದ್ದರು. ಹಿಂದಿನಿಂದ ಚೀಲ ಎತ್ತಿಕೊಂಡು ಹೊರಟ ನನ್ನ ಸೆರಗನ್ನು ಆ ಮುದುಕಿ ಹಿಡಿದೆಳೆದರು.

"ಬಾಯಾರ, ಒಂದ ಮಾತ ಕೇಳ್ರಿ. ಆಕಿನ್ನ ತಪ್ಪದಂಗ ಕರಕೊಂಡ ಬರ್ರಿ." ದನಿ ತಗ್ಗಿತ್ತು. "ಟಗರ ಅವರದ ಐತ್ರಿ. ನನ್ನ ಗಂಡನಽ ಆ ಗಾಳಿಮಳ್ಯಾಗ ಹೊಡಕೊಂಡ ಬಂದಿದ್ದ. ನನಗ ಮದಲಿಂದ ಗೊತ್ತ ಐತಿ."

"ಮತ್ತ ಇಷ್ಟ ವರ್ಷ ಯಾಕ ಒಪ್ಪಿಕೊಳ್ಳಲಿಲ್ರಿ?"

"ಮದಲಿಗೆ ನನಗ ಗಂಡನ ಅಂಜಿಕಿ ಇತ್ರಿ. ಈಗ ಅಂವಾ ಇಲ್ಲ. ಈಗ ಒಪ್ಪಿಕೊಂಡ್ರ ಆಕಿ ಮತ್ತ ಯಾಕ ಬರ್ತಾಳ್ರಿ?"

ಕಂಡಕ್ಟರ್ ಗಂಟೆ ಹೊಡೆದ. ನಾನು ಓಡಿ ಹತ್ತಿದೆ. ಆಯಿ ಕಿಟಕಿಯ ಪಕ್ಕ ಕೂತು ಕತ್ತು ಹೊರಳಿಸಿ ಕಟ್ಟೆಯನ್ನೇ ನೋಡುತ್ತಿದ್ದರು.

"ಏನ ಅಂತಾಳ ಆಕಿ? ಸೆರಗ ಹಿಡದ ಏನೋ ಹೇಳಾಕ ಹತ್ತಿದ್ಲು."

ಆಟದ ಹೊರಗೆ ಮುದುಕರನ್ನು ಮರುಳು ಮಾಡಬಾರದು ಎಂದು ಊರೆಲ್ಲ ಜಗಳ ತೆಗೆದವಳು ನಾನು. ಆಯಿಯ ಕಣ್ಣಿಗೆ ಕಣ್ಣು ಕೊಟ್ಟು ಹೇಳಿದೆ: "ಟಗರು ತಮ್ಮದಽ ಅಂತ ಹೇಳಿದ್ರು, ಆಯಿ. ಆಣಿ ಮಾಡಿ ಹೇಳಿದ್ರು."

ಆಯಿ ಮುಂದಿನ ಸೀಟಿನ ಸರಳನ್ನು ಪಟ್ಟನೆ ಹೊಡೆದರು. "ನೋಡಿದ್ಯಾ ಆಕಿ ಸೊಕ್ಕ? ಮುಂದಿನ ಸಲ ಬಿಡಾಂಗಿಲ್ಲ ಆಕಿನ್ನ. ಕಬೂಲ್ ಮಾಡಿಸೇ ಬರ್ತೀನಿ."

ನನಗೆ ಅಳು ಒತ್ತಿ ಬರುತ್ತಿತ್ತು, ಜೊತೆಗೆ ಹೇಳಲಾರದಷ್ಟು ಸಂತೋಷ.

"ಬಿಡಬ್ಯಾಡ್ರಿ, ಆಯಿ" ಎಂದೆ.