ಮೂರನೆಯ ಕರೆ

ಅಜ್ಜಿಯ ಎಡಗಿವಿಯ ಹಾಲೆ ನಡುವೆ ಸೀಳಿ ಎರಡಾಗಿ ಜೋಲುತ್ತಿತ್ತು. ಬಲಗಿವಿಗೆ ಮಾತ್ರ ಕೆಂಪು ಹರಳಿನ ಓಲೆ. ಇನ್ನೊಂದು ಓಲೆಯನ್ನು ಅವಳು ಮಾರಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಓಡಾಡುತ್ತಿದ್ದಳು. ಚಿಕ್ಕವಳಿದ್ದಾಗ ಆ ಸೀಳನ್ನು ಎರಡು ಬೆರಳಿನಿಂದ ಜೋಡಿಸಿ ಹಿಡಿಯುವುದು ನನಗೊಂದು ಆಟ. "ಬಿಡು ಕೂಸೆ, ಅದು ಕೂಡೂದಿಲ್ಲ" ಅನ್ನುತ್ತಿದ್ದಳು.

ಆ ಕಿವಿ ಹರಿದದ್ದು ತೋಟದಲ್ಲಿ. ಆಗ ಅವಳಿಗೆ ಮದುವೆಯೂ ಆಗಿರಲಿಲ್ಲ. ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಹಣ್ಣು ಕೊಯ್ಯುತ್ತಿದ್ದಾಗ, ಹಿಂದಿನಿಂದ ಅವಳ ಅವ್ವ ಕರೆದ ಹಾಗಾಯಿತಂತೆ. ಬಗ್ಗಿಸಿ ಹಿಡಿದಿದ್ದ ಕೊಂಬೆಯನ್ನು ಬಿಟ್ಟು "ಓ" ಎಂದು ತಿರುಗಿದ್ದಾಳೆ. ಚಿಮ್ಮಿದ ಕೊಂಬೆ ಓಲೆಗೆ ಸಿಕ್ಕಿಕೊಂಡು ಹಾಲೆಯನ್ನು ಹರಿದೇ ಬಿಟ್ಟಿತು. ನೋಡಿದರೆ ಹಿಂದೆ ಯಾರೂ ಇಲ್ಲ. ಅವ್ವ ಅವತ್ತು ಜ್ವರ ಬಂದು ಕೂಲಿಯಾಳುಗಳ ಲೈನ್ ಮನೆಯಲ್ಲಿ ಮಲಗಿದ್ದಳು.

ಅಂದಿನಿಂದ ಅಜ್ಜಿಯದು ಒಂದೇ ಕಾನೂನು. "ಒಂದ್ಸಲ ಕರೆಯೋದು ಮನುಷ್ಯರಲ್ಲ. ಎರಡ್ಸಲ ಕರೆದ್ರೂ ನಂಬೋ ಹಾಗಿಲ್ಲ. ನಿಜವಾಗಿ ನೀನು ಬೇಕು ಅನ್ನೋರು ಮೂರ್ ಸಲ ಕರೀತಾರೆ. ಆಗ ಓ ಅನ್ನು."

ಈ ಕಾನೂನಿಗೆ ರಿಯಾಯಿತಿ ಇರಲಿಲ್ಲ. ಮೇಸ್ತ್ರಿ ಕರೆದರೂ ಅಷ್ಟೇ, ಲೆಕ್ಕ ಬರೆಯುವ ರೈಟರು ಕರೆದರೂ ಅಷ್ಟೇ. ಹೊಸದಾಗಿ ಬಂದ ಮೇಸ್ತ್ರಿಯೊಬ್ಬರು ಇವಳಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದು ಒಂದು ಕೊಯ್ಲು ಪೂರ್ತಿ ಕೈಸನ್ನೆಯಲ್ಲೇ ಮಾತಾಡಿದರಂತೆ. ಅವಳ ಜೊತೆ ಕೊಯ್ಯುತ್ತಿದ್ದ ಪಕ್ಕದ ಮನೆಯ ಅತ್ತೆ ಇದನ್ನು ಹೇಳಿಕೊಂಡು ಈಗಲೂ ನಗುತ್ತಾರೆ. ಅಜ್ಜಿ ಬಾಯಿ ಬಿಡಲೇ ಇಲ್ಲ. ಕೆಪ್ಪಿ ಅಂದುಕೊಂಡರೆ ಬೈಗುಳ ಕಡಿಮೆ ಎಂಬ ಬುದ್ಧಿ ಅವಳದು. ಮುಂದೆ ಮೊಬೈಲು ಬಂದಾಗ ಅದಕ್ಕೂ ಇದೇ ಕಾನೂನು. ನನ್ನ ಅಮ್ಮ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಕೆಲಸಕ್ಕಿದ್ದಳು. ಅವಳು ಫೋನು ಮಾಡಿದರೆ, ಎರಡು ಸಲ ಹೊಡೆದುಕೊಂಡು ನಿಲ್ಲುವವರೆಗೂ ಅಜ್ಜಿ ಅದನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ದೆವ್ವಕ್ಕೆ ಕರೆನ್ಸಿ ಯಾರು ಹಾಕಿಸುತ್ತಾರೆ ಅಜ್ಜಿ ಎಂದು ನಾನು ರೇಗಿಸಿದರೆ, ಓದಿದವರಿಗೆ ಹೆದರಿಕೆಯೂ ಇಲ್ಲ, ಬುದ್ಧಿಯೂ ಇಲ್ಲ ಎಂದು ಮುಖ ತಿರುಗಿಸುತ್ತಿದ್ದಳು.

ನನ್ನನ್ನು ಸಾಕಿದ್ದು ಅವಳೇ. ನಾನು ಓದಿದೆ, ಬಸ್ಸು ಹಿಡಿದು ಹೋಗಿ ಬರುವಷ್ಟು ದೂರದ ಶಾಲೆಯೊಂದರಲ್ಲಿ ಟೀಚರಾದೆ, ದೆವ್ವ ನಂಬುವುದನ್ನು ಬಿಟ್ಟೆ. ನಾಲಿಗೆ ಮಾತ್ರ ಬಿಡಲಿಲ್ಲ. ಯಾರು ಕರೆದರೂ ಮೂರನೆಯ ಸಲದವರೆಗೆ ನನ್ನ ಬಾಯಿಂದ ಓ ಹೊರಡುತ್ತಿರಲಿಲ್ಲ.

ಅದೊಂದು ಭಾನುವಾರ, ಮಧ್ಯಾಹ್ನದ ಬಿಸಿಲು. ಉದುರಿದ ಕಾಳುಮೆಣಸು ಆರಿಸಿಕೊಂಡು ಬರುತ್ತೇನೆಂದು ಅಜ್ಜಿ ಮನೆಯ ಹಿಂದಿನ ದಿಬ್ಬ ಹತ್ತಿದ್ದಳು. ನಾನು ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಮುಂದಿದ್ದೆ. "ಕೂಸೇ" ಎಂದು ಕೇಳಿತು. ನಾನು ದುಪ್ಪಟಿಗೆ ಸೋಪು ಹಚ್ಚುತ್ತಲೇ ಇದ್ದೆ. ಇನ್ನೊಂದು ಸಲ "ಕೂಸೇ". ಈ ಸಲ ಸ್ವರ ಸ್ವಲ್ಪ ಸಣ್ಣದಾಗಿತ್ತು. ನನಗೆ ನಗು ಬಂತು. ಬರಲಿ ಮೂರನೆಯದು ಎಂದು ಓ ಅನ್ನುವುದನ್ನು ಬಾಯಲ್ಲೇ ಇಟ್ಟುಕೊಂಡು ಕಾದೆ. ಬರಲಿಲ್ಲ. ದುಪ್ಪಟಿ ಹಿಂಡಿ ಹರವಿದೆ. ಇನ್ನೆರಡು ಸೀರೆ ಒಗೆದೆ.

ಹತ್ತಿ ಹೋಗಿ ನೋಡಿದರೆ ಅಜ್ಜಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ಬುಡಕ್ಕೆ ಒರಗಿ ಕೂತಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮೆಣಸಿನ ಬುಟ್ಟಿ ಚೆಲ್ಲಿರಲಿಲ್ಲ, ಮಡಿಲಲ್ಲಿ ನೆಟ್ಟಗೆ ಇತ್ತು.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಮಾತು ಹೋಗಿತ್ತು. ಇನ್ನೂ ಮುಂಚೆ ತಂದಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಕೇಳಿದ್ದಕ್ಕೆ ಡಾಕ್ಟರು, ಹೇಳಲಾಗುವುದಿಲ್ಲ ಅಂದರು. ಉಳಿಯುತ್ತಿದ್ದರು ಅಂದಿದ್ದರೂ, ಉಳಿಯುತ್ತಿರಲಿಲ್ಲ ಅಂದಿದ್ದರೂ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಆ ಎರಡು ಕರೆಯ ವಿಷಯವನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಕೊನೆಯ ದಿನ ಬೆಳಿಗ್ಗೆ, ಅಮ್ಮ ಕಾಫಿ ತರಲು ಹೋಗಿದ್ದಾಗ, ಆ ಸೀಳಿದ ಕಿವಿಯ ಹತ್ತಿರ ಬಗ್ಗಿ "ಓ ಅಜ್ಜಿ, ಓ" ಎಂದೆ. ಅವಳು ಕಣ್ಣು ಬಿಟ್ಟಳು. ನನ್ನನ್ನು ನೋಡಲಿಲ್ಲ. ಓ ಅಂದವರು ಯಾರು ಎಂದು ಹುಡುಕುವವಳ ಹಾಗೆ ನನ್ನ ಬೆನ್ನ ಹಿಂದಿನ ಬಾಗಿಲನ್ನೇ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಳು.

ಸೆರಗಿನ ಗಂಟಿನಲ್ಲಿದ್ದ ಓಲೆ ಈಗ ನನ್ನ ಹತ್ತಿರವಿದೆ. ನಾನೀಗ ಮೊದಲ ಕರೆಗೇ ಓ ಅನ್ನುತ್ತೇನೆ. ಶಾಲೆಯಲ್ಲಿ ಬೇರೆ ಟೀಚರನ್ನು ಕರೆದರೂ ನಾನೇ ಓ ಅಂದುಬಿಟ್ಟು ಮಕ್ಕಳ ಬಾಯಿಗೆ ಬೀಳುತ್ತೇನೆ. ಹಾಜರಿ ಕೂಗುವಾಗ ಸುಮ್ಮನಿರುವ ಮಗುವಿನ ಹೆಸರನ್ನು ಮೂರು ಸಲ ಕೂಗದೆ ಮುಂದಕ್ಕೆ ಹೋಗುವುದಿಲ್ಲ.

ಮೊನ್ನೆ ಮೆಣಸು ಆರಿಸಲು ದಿಬ್ಬ ಹತ್ತಿದ್ದೆ. ಅದೇ ಹೊತ್ತು, ಅದೇ ಬಿಸಿಲು. "ಕೂಸೇ" ಎಂದು ಕೇಳಿತು. ಒಂದೇ ಸಲ. ಸ್ವರ ಬಂದದ್ದು ಕೆಳಗಿನಿಂದ, ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ. ಒಂದು ಸಲ ಕರೆಯುವುದು ಮನುಷ್ಯರಲ್ಲವೆಂದು ನನಗೆ ಗೊತ್ತು, ಕಲಿಸಿದವಳೇ ಅವಳು. ಆದರೂ ದಿಬ್ಬಕ್ಕೆಲ್ಲ ಕೇಳುವ ಹಾಗೆ ಓ ಅಂದೆ, ಬಂದೆ ಅಜ್ಜಿ ಅಂದೆ.

ಬೇಲಿಯಾಚೆ ಸೌದೆ ಕಟ್ಟುತ್ತಿದ್ದ ಪಕ್ಕದ ಮನೆಯ ಅತ್ತೆ ಕತ್ತಿ ಕೆಳಗಿಟ್ಟು ನನ್ನ ಕಡೆ ನೋಡಿದರು.

"ಯಾರಿಗೆ ಮಾರಾಯ್ತಿ ಓ ಅಂದಿದ್ದು?"

"ಅಜ್ಜಿ ಕರೀತು ಅತ್ತೆ."

ಅವರು ಬೇಲಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಎಷ್ಟ್ ಸಲ ಕರೀತು?"

"ಮೂರು" ಎಂದೆ.