ಏರುಪೇರು ಜಡೆಯ ಶುಕ್ರವಾರ

ಆ ದಿನಗಳಲ್ಲಿ ನಮ್ಮ ಭಾನುವಾರ ಶುಕ್ರವಾರವೇ ಬರುತ್ತಿತ್ತು. ಕುವೈತಿನಲ್ಲಿ ಭಾನುವಾರ ದೊಡ್ಡವರಿಗೆ ಕೆಲಸ, ಮಕ್ಕಳಿಗೆ ಶಾಲೆ. ಹಾಗಾಗಿ ಕನ್ನಡದ ಆರಾಧನೆಯೂ ಶುಕ್ರವಾರವೇ. ಬೆಳಿಗ್ಗೆ ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಮಮ್ಮಿ ನನ್ನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಎರಡು ಜಡೆ ಹಾಕುತ್ತಿದ್ದಳು. ಅದೆಷ್ಟು ಬಿಗಿ ಎಂದರೆ, ಹುಬ್ಬು ಮೇಲೇರಿ ದಿನವಿಡೀ ನಾನು ಆಶ್ಚರ್ಯಪಟ್ಟವಳ ಹಾಗೆ ಕಾಣುತ್ತಿದ್ದೆ.

ಆರಾಧನೆಯ ಹಾಲ್ ನಮ್ಮೊಬ್ಬರದೇ ಆಗಿರಲಿಲ್ಲ. ಒಂದೇ ಕಟ್ಟಡದಲ್ಲಿ ಹತ್ತಾರು ಭಾಷೆಯ ಸಭೆಗಳು, ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ನಾವು ಒಳಗೆ ಹೋಗುವಾಗ ನಮಗಿಂತ ಮೊದಲಿನವರ ಧೂಪದ ವಾಸನೆ ಇನ್ನೂ ಇರುತ್ತಿತ್ತು. ನಮ್ಮದು ಮುಗಿಯುವ ಹೊತ್ತಿಗೆ ಫಿಲಿಪ್ಪೀನಿನವರು ಗಿಟಾರ್ ಹಿಡಿದು ಬಾಗಿಲಾಚೆ ನಿಂತಿರುತ್ತಿದ್ದರು.

ಸಭೆಯಲ್ಲಿ ಅರ್ಧ ಜನ ನಮ್ಮ ಹಾಗೆ ಗದಗ-ಬೆಟಗೇರಿ, ಹುಬ್ಬಳ್ಳಿ ಕಡೆಯವರು. ಇನ್ನರ್ಧ ಮಂಗಳೂರು, ಉಡುಪಿಯವರು. ನೀವು ದೇವರ ಹತ್ತಿರ ಪ್ರಾರ್ಥನೆ ಮಾಡ್ತೀರೋ ಜಗಳಾಡ್ತೀರೋ ಎಂದು ಅವರು ನಮ್ಮನ್ನು ಕಿಚಾಯಿಸಿದರೆ, ನೀವು ದೇವರಿಗೆ ಪಾಠಪುಸ್ತಕ ಓದಿ ಹೇಳ್ತೀರಿ ಎಂದು ನಮ್ಮವರು ತಿರುಗಿಸಿ ಕೊಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಕಾರಿಡಾರಿನಲ್ಲಿ ನಮ್ಮ ಗಿರಮಿಟ್ಟು, ಅವರ ಗೋಳಿಬಜೆ. ಮಕ್ಕಳಾದ ನಾವು ಎರಡು ಕಡೆಯದನ್ನೂ ತಿಂದು, ನೆಲದ ಟೈಲ್ಸಿನ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದೆವು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ವಾರ ಒಂದೊಂದು ಮನೆಯವರು ಸರದಿಯ ಮೇಲೆ ಆರಾಧನೆಯ ಕೊನೆಗೆ ಮುಂದೆ ನಿಂತು ಎಲ್ಲರ ಪರವಾಗಿ ವಿಜ್ಞಾಪನೆಯ ಪ್ರಾರ್ಥನೆ ಮಾಡಬೇಕು. ಆದರೆ ಅಲ್ಲಿ ತಮ್ಮ ಮನೆಯ ಕಷ್ಟ ಹೇಳುವಂತಿಲ್ಲ. ನಮ್ಮದನ್ನು ಇನ್ನೊಬ್ಬರು ಕೇಳಬೇಕು, ಇನ್ನೊಬ್ಬರದನ್ನು ನಾವು ಕೇಳಬೇಕು. ಹಾಗಾಗಿ ಆರಾಧನೆಗೆ ಮೊದಲು ಅವತ್ತಿನ ಸರದಿಯವರ ಸುತ್ತ ಕಾರಿಡಾರಿನಲ್ಲಿ ಸಣ್ಣ ಗುಂಪು ಸೇರುತ್ತಿತ್ತು. ಒಬ್ಬರ ವಾಸದ ಪರವಾನಗಿ ಇಕಾಮಾ ಮುಗಿಯುತ್ತಿದೆ, ಇನ್ನೊಬ್ಬರ ತಂಗಿಗೆ ಗಂಡು ಕೂಡಿಬರುತ್ತಿಲ್ಲ, ಮತ್ತೊಬ್ಬರ ತಂದೆಗೆ ಊರಿನಲ್ಲಿ ಆಪರೇಷನ್. ಎಲ್ಲವನ್ನೂ ನೆನಪಿಟ್ಟು ಹೇಳಬೇಕು, ಹೊತ್ತಿಗೆ ಸರಿಯಾಗಿ ಮುಗಿಸಲೂ ಬೇಕು. ಹೊತ್ತು ನೋಡಿಕೊಳ್ಳುವವರು ಸಭೆಯ ಹಿರಿಯರಾದ ಉಡುಪಿಯ ಜಯಕರ ಅಂಕಲ್. ಪ್ರಾರ್ಥನೆ ಉದ್ದವಾದರೆ ಅವರ ಉಂಗುರದ ಬೆರಳು ಬೆಂಚನ್ನು ಟಕಟಕ ಬಡಿಯುತ್ತಿತ್ತು. ಆ ಸದ್ದಿಗೆ ಎಂಥ ಭಕ್ತರೂ ಸೀದಾ ಆಮೆನ್‌ಗೆ ಬಂದು ಇಳಿಯುತ್ತಿದ್ದರು.

ಧೂಳುಗಾಳಿಯ ಕಾಲ. ಶಾಲೆಯಿಂದ ಬರುವಷ್ಟರಲ್ಲಿ ಹಲ್ಲಿನಲ್ಲೂ ಮರಳು ಕರಕರ ಎನ್ನುತ್ತಿತ್ತು. ಒಂದು ಗುರುವಾರ ಮಧ್ಯಾಹ್ನ ಮನೆಗೆ ಬಂದರೆ ಮಮ್ಮಿ ಇರಲಿಲ್ಲ. ಅವಳು ಬಸುರಿ ಎಂದು ನನಗೆ ಆಗಲೇ ಗೊತ್ತಾಗಿದ್ದು. ಹೊಟ್ಟೆ ಇನ್ನೂ ಕಾಣುತ್ತಿರಲಿಲ್ಲ. ರಕ್ತ ಕಂಡಿದ್ದರಿಂದ ಪಪ್ಪ ಆಸ್ಪತ್ರೆಗೆ ಸೇರಿಸಿ ಬಂದಿದ್ದರು. ಮಗು ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದರಂತೆ ಡಾಕ್ಟರು.

ಹಿಂದಿನ ವರ್ಷವೂ ಹೀಗೇ ಆಗಿತ್ತು. ಆಗ ಎಲ್ಲರಿಗೂ ತಿಳಿದು, ಎಲ್ಲರೂ ಪ್ರಾರ್ಥಿಸಿ, ಕೂಸು ಮಾತ್ರ ಉಳಿದಿರಲಿಲ್ಲ. ಆಮೇಲೆ ಒಬ್ಬೊಬ್ಬರೂ ಬಂದು ಸಮಾಧಾನ ಹೇಳಿದ್ದೇ ಮಮ್ಮಿಗೆ ಎಲ್ಲಕ್ಕಿಂತ ಭಾರವಾಗಿತ್ತು. ಹಾಗಾಗಿ ಆಸ್ಪತ್ರೆಯಿಂದ ಫೋನಿನಲ್ಲಿ ಅವಳು ಪಪ್ಪನಿಂದ ಮಾತು ತೆಗೆದುಕೊಂಡಳು. ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು.

"ಈ ಸಲ ಯಾರಿಗೂ ಹೇಳಬ್ಯಾಡ್ರಿ. ಹುಟ್ಟಿ ಅತ್ತಮ್ಯಾಲೆ ಹೇಳೂಣು. ನಾಳೆ ನಿಮ್ಮ ಸರದಿ ಐತಿ, ತಪ್ಪಿಸಬ್ಯಾಡ್ರಿ."

ಮರುದಿನ ಪಪ್ಪನೇ ನನ್ನ ಜಡೆ ಹಾಕಿದರು. ಅವರು ಏಸಿ ರಿಪೇರಿಯ ಟೆಕ್ನಿಷಿಯನ್, ವೈರು ಹೆಣೆದ ಕೈ. ಆದರೂ ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಹಿಂದೆ ಬಂತು. ಕಾರಿಡಾರಿನಲ್ಲಿ ಪಪ್ಪನ ಸುತ್ತ ಎಂದಿನಂತೆ ಗುಂಪು. ನಾನು ಗೋಡೆಗೆ ಒರಗಿ ನಿಂತಿದ್ದೆ. ಜಯಕರ ಅಂಕಲ್ ಹತ್ತಿರ ಬಂದು ಬಗ್ಗಿ ನೋಡಿದರು.

"ಇವತ್ತು ಜಡೆ ಯಾರು ಹಾಕಿದ್ದು ಮಾರಾಯ್ತಿ?"

"ಪಪ್ಪ ಡಿಡ್ ಇಟ್, ಅಂಕಲ್."

"ಚಂದ ಉಂಟು," ಎಂದಷ್ಟೇ ಹೇಳಿ ಹೋದರು.

ಪ್ರಾರ್ಥನೆಯ ಹೊತ್ತು ಬಂತು. ಪಪ್ಪ ಎಲ್ಲರದನ್ನೂ ಹೇಳಿದರು. ಇಕಾಮಾ, ಮದುವೆ, ಊರಿನ ಅಪ್ಪಂದಿರು, ಪರೀಕ್ಷೆಯ ಮಕ್ಕಳು. ಒಂದನ್ನೂ ಮರೆಯಲಿಲ್ಲ. ಕೊನೆಗೆ, "ಆಸ್ಪತ್ರಿಯೊಳಗ ಇರೋವ್ರ ಸಲುವಾಗಿ, ಕರ್ತನೇ..." ಎಂದು ಅರ್ಧಕ್ಕೇ ನಿಂತರು. ನಾನು ಕಣ್ಣು ತೆರೆದೆ. ಪಪ್ಪ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದಿದ್ದರು. ಏಸಿಯ ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ. ಹಿಂದೆ ಬಾಗಿಲು ಸ್ವಲ್ಪ ತೆರೆದು ಫಿಲಿಪ್ಪೀನಿನವರು ಇಣುಕಿದರು. ನಮ್ಮ ಹೊತ್ತು ಮುಗಿದಿತ್ತು. ಇನ್ನೇನು ಆ ಉಂಗುರ ಬಡಿಯುತ್ತದೆ ಎಂದು ಜಯಕರ ಅಂಕಲ್ ಕಡೆ ತಿರುಗಿ ನೋಡಿದೆ. ಪಪ್ಪ ಎಲ್ಲರ ಮುಂದೆ ಅತ್ತುಬಿಟ್ಟರೆ ಮಮ್ಮಿಗೆ ಕೊಟ್ಟ ಮಾತು ಏನಾಗಬೇಕು?

ಉಂಗುರ ಬಡಿಯಲಿಲ್ಲ. ಜಯಕರ ಅಂಕಲ್ ಕೂತಲ್ಲಿಂದ ಎದ್ದು ನಿಂತು, ತಮ್ಮ ಪಾಠಪುಸ್ತಕದ ಕನ್ನಡದಲ್ಲಿ ಪ್ರಾರ್ಥನೆಯನ್ನು ಮುಂದುವರಿಸಿದರು.

"ಕರ್ತನೇ, ಈ ಮಗುವಿನ ಜಡೆಯನ್ನು ಇವತ್ತು ಅವಳ ತಾಯಿ ಹಾಕಿಲ್ಲ. ಕಾರಣ ನಮಗೆ ತಿಳಿಯದು, ತಿಳಿಯಬೇಕೆಂದೂ ಇಲ್ಲ. ನೀನು ಬಲ್ಲೆ. ಆ ತಾಯಿಯನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ."

ಮೊದಲು ಹಿಂದಿನ ಬೆಂಚಿನ ಯಾರೋ ಮುದುಕಿ ಆಮೆನ್ ಎಂದಳು, ಆಮೇಲೆ ಎಲ್ಲರೂ. ಕನ್ನಡದ ಒಂದಕ್ಷರ ಬಾರದ ಗಿಟಾರಿನವರೂ ಬಾಗಿಲಲ್ಲಿ ತಲೆ ತಗ್ಗಿಸಿ ಆಮೆನ್ ಎಂದರು. ನಾನು ಅಳು ತಡೆಯಲಾಗದೆ ಅತ್ತುಬಿಟ್ಟೆ.

ಹೊರಗೆ ಯಾರೂ ಏನೂ ಕೇಳಲಿಲ್ಲ. ಜಯಕರ ಅಂಕಲ್‌ರ ಹೆಂಡತಿ ಸುಮತಿ ಆಂಟಿ ನನ್ನ ಕೈಗೆ ಬಿಸಿ ಗೋಳಿಬಜೆ ಇಟ್ಟು, ಹಿಂದೆ ಕೂತು ಜಡೆ ಬಿಚ್ಚಿ ಮತ್ತೆ ಹಾಕಿದರು. ಮುಂದಿನ ವಾರಗಳಲ್ಲಿ ನಮ್ಮ ಬಾಗಿಲಿಗೆ ಒಂದು ದಿನ ಜೋಳದ ರೊಟ್ಟಿ, ಒಂದು ದಿನ ಕೋರಿರೊಟ್ಟಿ ಬರುತ್ತಿತ್ತು. ಯಾಕೆಂದು ತಂದವರು ಹೇಳಲಿಲ್ಲ, ಪಪ್ಪನೂ ಕೇಳಲಿಲ್ಲ.

ಆ ಶುಕ್ರವಾರ ಸಂಜೆ ಫೋನಿನಲ್ಲಿ ಮಮ್ಮಿ, ಯಾರ ಮುಂದೂ ಹೇಳಿಲ್ಲ ತಾನೇ ಎಂದು ವಿಚಾರಿಸಿದಳು.

"ಇಲ್ಲ," ಎಂದರು ಪಪ್ಪ. "ಆದ್ರ ನಿನ್ನ ಸಲುವಾಗಿ ಪ್ರಾರ್ಥನಿ ಆತು."

ಮಮ್ಮಿ ನನ್ನನ್ನು ಫೋನಿಗೆ ಕರೆಸಿ, ಜಡೆ ಯಾರು ಹಾಕಿದರು ಎಂದು ಕೇಳಿದಳು.

ಚಳಿಗಾಲದಲ್ಲಿ ತಮ್ಮ ಹುಟ್ಟಿ, ಕಟ್ಟಡ ಹಾರಿಹೋಗುವಂತೆ ಅತ್ತ. ಆ ಪ್ರಾರ್ಥನೆಯಿಂದಲೇ ಅವನು ಉಳಿದ ಎಂದು ನಾನು ಹೇಳಲಾರೆ, ಹಿಂದಿನ ವರ್ಷದ್ದೂ ಪ್ರಾರ್ಥನೆಯೇ ಆಗಿತ್ತಲ್ಲ. ಆದರೆ ಆ ಶುಕ್ರವಾರದಿಂದ ಪಪ್ಪ ಆ ಭಾರವನ್ನು ಒಬ್ಬರೇ ಹೊರುತ್ತಿರಲಿಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಜಯಕರ ಅಂಕಲ್ ಉಡುಪಿಗೆ ಮರಳಿ, ಅಲ್ಲೇ ತೀರಿಕೊಂಡರು. ನಾನು ಇಲ್ಲೇ ಕುವೈತಿನ ಫಿಂಟಾಸಿನಲ್ಲಿದ್ದೇನೆ, ಬ್ಯಾಂಕಿನ ಕೆಲಸ. ಹಾಲ್ ಅದೇ. ಈಗ ಪ್ರಾರ್ಥನೆಯ ಕೋರಿಕೆಗಳು ಗುರುವಾರವೇ ವಾಟ್ಸಾಪ್ ಗುಂಪಿಗೆ ಬರುತ್ತವೆ. ಯಾವ ಆಸ್ಪತ್ರೆ, ಯಾವ ಕಾಯಿಲೆ ಎಲ್ಲ ಸ್ಪಷ್ಟ. ಅವನ್ನು ಪರದೆಯ ಮೇಲೆ ಹಾಕುತ್ತಾರೆ, ಸರದಿಯವರು ಓದುತ್ತಾರೆ. ಮೊದಲಿಗಿಂತ ಅಚ್ಚುಕಟ್ಟು, ಯಾರದೂ ಬಿಟ್ಟುಹೋಗುವುದಿಲ್ಲ. ಬಾಯಿಬಿಟ್ಟು ಹೇಳಿಕೊಳ್ಳಲಾಗದವರದು ಮಾತ್ರ ಅಲ್ಲಿರುವುದಿಲ್ಲ.

ಮೊನ್ನೆ ನನ್ನ ಸರದಿ. ಪರದೆಯಲ್ಲಿದ್ದುದನ್ನೆಲ್ಲ ಓದಿ ತಲೆ ಎತ್ತಿದೆ. ಮೂರನೆಯ ಸಾಲಿನಲ್ಲಿ, ಯಾವಾಗಲೂ ಗಂಡನೊಂದಿಗೆ ಬರುವ ಹೆಂಗಸೊಬ್ಬಳು ಒಬ್ಬಳೇ ಕೂತಿದ್ದಳು. ಪಕ್ಕದ ಖಾಲಿ ಜಾಗದಲ್ಲಿ ತನ್ನ ಚೀಲ ಇಟ್ಟು, ಅದರ ಮೇಲೆ ಕೈ ಇಟ್ಟುಕೊಂಡಿದ್ದಳು. ಅವಳಿಗಾಗಿ ಪ್ರಾರ್ಥಿಸಲು ನಾನು ಮಾತು ಹುಡುಕುತ್ತಿದ್ದೆ. ಓದುವುದು ಮುಗಿಯಿತೆಂದುಕೊಂಡು ಯಾರೋ ಸ್ಲೈಡ್ ಬದಲಿಸಿದರು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಆಮೆನ್' ಬಂತು, ಎಲ್ಲರೂ ಓದಿದರು. ಹೊರಗೆ ಬಂದಾಗ ಗಿಟಾರಿನವರು ಇನ್ನೂ ಬಂದಿರಲಿಲ್ಲ. ನಾವು ಹೊತ್ತಿಗೆ ಮೊದಲೇ ಮುಗಿಸಿದ್ದೆವು.