ಊರಿನವರಿಗೆ ರೂಮಿಲ್ಲ

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ನಾವು ಐದು ಜನ ಕಾರಿನಲ್ಲಿ ತಿರುಪತಿಗೆ ಹೋಗಿದ್ದೆವು. ನಾನು, ನನ್ನ ಗಂಡ, ಅವರ ತಾಯಿ, ನಮ್ಮ ಇಬ್ಬರು ಹೆಣ್ಣುಮಕ್ಕಳು. ನಾವಿರುವುದು ಕಲಬುರಗಿಯಲ್ಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಗಂಡ ಹೆಂಡತಿ ಇಬ್ಬರಿಗೂ ಸಂಬಳ ಬರುತ್ತದೆ, ಆದರೆ ದೊಡ್ಡ ಹೋಟೆಲಿನ ಬಾಗಿಲಿಗೆ ಹೋಗಿ ನಿಲ್ಲುವಷ್ಟಲ್ಲ.

ನಮ್ಮಂಥವರು ಕುಟುಂಬ ಕಟ್ಟಿಕೊಂಡು ಹೊರಟರೆ ದೇವರ ದರ್ಶನಕ್ಕಿಂತ ರಾತ್ರಿ ಇಳಿದುಕೊಳ್ಳುವ ಜಾಗದ್ದೇ ಚಿಂತೆ. ಅತ್ತೆಗೆ ಮೊಣಕಾಲು ನೋವು. ಮೆಟ್ಟಿಲು ಹತ್ತಲಾರರು, ನೆಲಕ್ಕೆ ಕೂತರೆ ಏಳಲಾರರು. ಆದ್ದರಿಂದ ರೂಮು ಕೆಳಗೇ ಇರಬೇಕು, ಕಮೋಡ್ ಇರಬೇಕು. ಎರಡು ರೂಮು ಹಿಡಿಯುವುದು ನಮ್ಮ ಕೈಲಾಗದ್ದರಿಂದ ಒಂದರಲ್ಲೇ ಹೆಚ್ಚಿಗೆ ಗಾದಿ ಹಾಕಿಕೊಡುವವರು ಸಿಗಬೇಕು. ಮೇಲಾಗಿ ನನ್ನ ಗಂಡನಿಗೆ ಕತ್ತಲಾದ ಮೇಲೆ ಗಾಡಿ ಓಡಿಸಲು ಆಗುವುದಿಲ್ಲ, ಎದುರಿನ ಬೆಳಕು ಬಡಿದರೆ ಅವರ ಕಣ್ಣು ಕಟ್ಟುತ್ತದೆ. ಹಾಗಾಗಿ ನಾಲ್ಕು ಗಂಟೆಯಾಯಿತೆಂದರೆ ಹುಡುಕಾಟ ಸುರು. ದೊಡ್ಡ ಮಗಳು ಹಿಂದಿನ ಸೀಟಿನಲ್ಲಿ ಫೋನು ಹಿಡಿದು, ಉಳಿದು ಹೋದವರು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಬ್ಬರು ರೂಮು ಚಲೋ, ನೀರಿಲ್ಲ ಎಂದು ಬರೆದಿದ್ದರೆ ಇನ್ನೊಬ್ಬರು ಫ್ಯಾಮಿಲಿ ಕರೆದುಕೊಂಡು ಹೋಗಬೇಡಿ ಎಂದು ಬರೆದಿರುತ್ತಿದ್ದರು.

ಇಡೀ ದಾರಿಯಲ್ಲಿ ಹುಡುಕಬೇಕಾಗಿಲ್ಲದ ಒಂದೇ ಊರು ಸಿಂಧನೂರು. ಅದು ನನ್ನ ತವರು. ಅಪ್ಪ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅವನು ಕಟ್ಟಿಸಿದ ಮೂರು ಕೋಣೆಯ ಮನೆ ಆಮೇಲೆ ಅವ್ವನ ಹೆಸರಿಗಾಯಿತು. ಅವ್ವ ತೀರಿಕೊಂಡ ಮೇಲೆ ಅಣ್ಣ, ಅತ್ತಿಗೆ ಇಬ್ಬರೇ ಅಲ್ಲಿದ್ದರು. ಹೊರಡುವ ಮೊದಲೇ ಅಣ್ಣನಿಗೆ ಫೋನು ಮಾಡಿ, ಬರುವಾಗ ಒಂದು ರಾತ್ರಿ ಇಳಿದುಕೊಂಡು ಹೋಗುತ್ತೇವೆ ಎಂದು ಹೇಳಿದ್ದೆ. "ಬರ್ರಿ, ಬರ್ರಿ" ಅಂದಿದ್ದ.

ವಾಪಸು ಬರುವ ದಿನ ಸಿರುಗುಪ್ಪ ದಾಟಿದ್ದೆವು. ಅಣ್ಣನ ಫೋನು ಬಂತು.

"ತಂಗಿ, ಒಂದ ತೊಂದರಿ ಆಗೈತಿ ನೋಡು. ಮನ್ಯಾಗ ಟೈಲ್ಸ್ ಕೆಲಸ ನಡದೈತಿ. ಬಾತ್‌ರೂಮ್ ಎಲ್ಲಾ ಒಡದಾರ. ಬೀಗರನ್ನ ಅದರಾಗ ಹೆಂಗ ಕರೀಲಿ? ಬಸ್ ಸ್ಟ್ಯಾಂಡ್ ಹತ್ರ ನಮ್ಮ ಪರಿಚಯದವರ ಲಾಡ್ಜ್ ಐತಿ. ಕೆಳಗಿನ ರೂಮು. ಹೇಳಿಟ್ಟೀನಿ."

"ಆತು ಬಿಡು" ಅಂದೆ. ಫೋನಿಟ್ಟು ಮನೆಯವರಿಗೆ ಟೈಲ್ಸಿನ ವಿಷಯ ತಿಳಿಸಿದೆ. ಚಿಕ್ಕವಳು "ಅಜ್ಜಿ ಮನಿಗೆ ಹೋಗಂಗಿಲ್ಲೇನು?" ಎಂದು ಕೇಳಿದಳು. ಅತ್ತೆ ಕಿಟಕಿಯ ಹೊರಗೆ ನೋಡುತ್ತ, "ಕೆಲಸ ನಡದಾಗ ಯಾರಿಗರೆ ತ್ರಾಸ ಆಗ್ತದ" ಅಂದರು. ಅವರ ದನಿಯಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಲಾಡ್ಜ್ ಮುಟ್ಟಿದಾಗ ಐದು ಗಂಟೆ. ಕೌಂಟರಿನಲ್ಲಿ ಐವತ್ತರ ಆಸುಪಾಸಿನ ಮನುಷ್ಯ, ಕಿವಿಗೆ ಪೆನ್ನು ಸಿಗಿಸಿಕೊಂಡು ಕೂತಿದ್ದ. ಅಣ್ಣ ಹೇಳಿದ್ದಾನೆ ಎಂದೆವು. ಯಾರೂ ಹೇಳಿಲ್ಲ ಎಂದ. ಇರಲಿ, ರೂಮು ಖಾಲಿ ಇದೆ, ದೊಡ್ಡವರೆಲ್ಲರ ಆಧಾರ್ ಕೊಡಿ ಎಂದ. ಗಂಡನದು, ಅತ್ತೆಯದು ನೋಡಿದ. ನನ್ನದನ್ನು ಹಿಡಿದು ಎರಡು ಸಲ ತಿರುಗಿಸಿದ.

"ಇದು ಸಿಂಧನೂರಿನ ಅಡ್ರೆಸ್ ಐತಲ್ರಿ."

ಹೌದು ಅಂದೆ. ಅವ್ವ ಹಾಸಿಗೆ ಹಿಡಿದಿದ್ದಾಗ ನಾನು ರಜೆ ಹಾಕಿ ಏಳು ತಿಂಗಳು ಬಂದು ಇದ್ದೆ. ಬ್ಯಾಂಕಿನಲ್ಲಿ ಅವಳ ಜೊತೆ ಖಾತೆ ಮಾಡಿಸಲು ವಿಳಾಸ ಬದಲಾಯಿಸಿಕೊಂಡಿದ್ದೆ. ಆಮೇಲೆ ಅದನ್ನು ಹಾಗೇ ಬಿಟ್ಟಿದ್ದೆ.

"ಲೋಕಲ್ ಆಧಾರ್ ಇದ್ದವರಿಗೆ ರೂಮ್ ಕೊಡಂಗಿಲ್ರಿ ಮೇಡಂ. ಪೊಲೀಸರು ಬಂದು ರಿಜಿಸ್ಟರ್ ನೋಡ್ತಾರ."

"ನಾವು ಕಲಬುರಗಿಯವ್ರು. ತಿರುಪತಿಯಿಂದ ಬರಾಕತ್ತೀವಿ" ಅಂದೆ.

"ಇರಬಹುದ್ರಿ. ಖರೇ ಹೇಳ್ತೀನಿ ಸಿಟ್ಟಾಗಬ್ಯಾಡ್ರಿ. ಊರಾಗ ಮನಿ ಇದ್ದವರು ಲಾಡ್ಜಿಗೆ ಯಾಕ ಬರ್ತಾರ? ಬಂದ್ರ ಎದಕ್ಕ ಬರ್ತಾರ ಅನ್ನೋದು ಎಲ್ಲರಿಗೂ ಗೊತ್ತೈತಿ."

ಗಂಡ ಕೌಂಟರಿನ ಮೇಲೆ ಕೈಯಿಟ್ಟು ಮುಂದೆ ಬಾಗಿದರು. "ನಮ್ಮವ್ವ ನಿಂತಾಳ ಇಲ್ಲಿ. ಮಕ್ಕಳು ನಿಂತಾವ. ಯಾರ ಮುಂದ ಏನ್ ಮಾತಾಡ್ಲಿಕತ್ತೀಯೋ?"

"ಮಕ್ಕಳನ್ನ ಕರಕೊಂಡು ಬಂದೂ ಮಾಡೋರು ಅದಾರ್ರಿ ಸರ್. ನಾ ಏನ್ ಮಾಡ್ಲಿ, ನನ್ನ ನೌಕರಿ" ಎಂದು ಮೂರೂ ಕಾರ್ಡುಗಳನ್ನು ನಮ್ಮ ಕಡೆ ಸರಿಸಿದ.

ದೊಡ್ಡ ಮಗಳಿಗೆ ಹದಿನಾಲ್ಕು ವರ್ಷ. ಅವಳಿಗೆ ಅರ್ಥವಾಗಿದೆ ಎಂದು ಅವಳ ಕಿವಿ ಕೆಂಪಾದದ್ದರಿಂದ ತಿಳಿಯಿತು. ಅಣ್ಣನಿಗೆ ಮೂರು ಸಲ ಫೋನು ಮಾಡಿದೆ. ಎತ್ತಲಿಲ್ಲ.

ಕಾರಿಗೆ ಬಂದು ಕೂತಾಗ ಅತ್ತೆ ನನ್ನ ಭುಜ ಮುಟ್ಟಿ, ಬಹಳ ಸಣ್ಣ ದನಿಯಲ್ಲಿ, ಬಾತ್‌ರೂಮಿಗೆ ಹೋಗಲೇಬೇಕು ಅಂದರು. ಮಧ್ಯಾಹ್ನದಿಂದ ತಡೆದುಕೊಂಡಿದ್ದರಂತೆ. ಆ ಲಾಡ್ಜಿಗೆ ಹಿಂದಿರುಗಿ ಕೇಳಲು ನನಗೆ ಮುಖವಿರಲಿಲ್ಲ. ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಅವರು ಕೂರಲಾರರು. "ನಮ್ಮ ಮನಿಗೆ ನಡೀರಿ. ಒಡದಿದ್ರೂ ಹಿತ್ತಲದಾಗ ಹಳೇದೊಂದು ಇರತೈತಿ" ಅಂದೆ. ಅವ್ವನಿಗಾಗಿ ಅದರಲ್ಲಿ ಕಮೋಡ್ ಹಾಕಿಸಿದವಳು ನಾನೇ.

ಅತ್ತಿಗೆ ಬಾಗಿಲು ತೆರೆದಳು. ಕೈಗೆ ರೊಟ್ಟಿ ಹಿಟ್ಟು ಹತ್ತಿತ್ತು. ನಮ್ಮನ್ನು ನೋಡಿ ಅವಳ ಮುಖ ನಿಜಕ್ಕೂ ಅರಳಿತು.

"ಅಯ್ಯ, ಬಾರಬೇ ಯವ್ವಾ! ಬರ್ರಿ ಅಮ್ಮಾರ, ಬರ್ರಿ. ಬರೋದು ಒಂದ ಮಾತು ಹೇಳಬಾರದೇನು?"

ಅಂಗಳದಲ್ಲಿ ಮರಳಿರಲಿಲ್ಲ, ಸಿಮೆಂಟಿನ ಚೀಲವಿರಲಿಲ್ಲ. ನಡುಮನೆಯ ಹಳೆಯ ಶಹಾಬಾದಿ ಕಲ್ಲಿನ ನೆಲ ಒರೆಸಿ ತಣ್ಣಗಿತ್ತು. ಅತ್ತೆಯನ್ನು ಕೈಹಿಡಿದು ಒಳಗಿನ ಬಾತ್‌ರೂಮು ದಾಟಿ ಹಿತ್ತಲಿನದಕ್ಕೆ ಒಯ್ದೆ. ಎರಡರಲ್ಲೂ ಒಂದು ಬಿಲ್ಲೆಯೂ ಕದಲಿರಲಿಲ್ಲ. ಅವ್ವ ಹಿಡಿದುಕೊಂಡು ಏಳಲೆಂದು ಗೋಡೆಗೆ ಹಾಕಿಸಿದ್ದ ಸ್ಟೀಲಿನ ಹಿಡಿಕೆ ಹಾಗೇ ಇತ್ತು. ಅತ್ತೆ ಅದನ್ನೇ ಹಿಡಿದು ಎದ್ದರು. ಹೊರಗೆ ಬಂದು ಕಾಲು ತೊಳೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ.

ಒಳಗೆ ಚಿಕ್ಕವಳು ಆಗಲೇ ಕೇಳಿಬಿಟ್ಟಿದ್ದಳು: "ಮಾಮಿ, ಟೈಲ್ಸ್ ಎಲ್ಲಿ ಹಾಕಾಕತ್ತಾರ?"

"ಯಾವ ಟೈಲ್ಸ್‌ಬೇ?" ಅಂದಳು ಅತ್ತಿಗೆ. ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾವು ಬರುವುದೂ, ಟೈಲ್ಸೂ, ಲಾಡ್ಜೂ.

ಅವಳು ಚಹಾ ಮಾಡಿದಳು. ಅಷ್ಟರಲ್ಲಿ ಅಣ್ಣನ ಬೈಕಿನ ಸದ್ದಾಯಿತು. ಬಾಗಿಲಲ್ಲಿ ನಮ್ಮ ಕಾರು ನೋಡಿಯೇ ಅವನಿಗೆ ತಿಳಿದಿರಬೇಕು. ಒಳಗೆ ಬಂದು ಅತ್ತೆಗೆ, ನನ್ನ ಗಂಡನಿಗೆ ಕೈಮುಗಿದ. ನನ್ನನ್ನು ಅಂಗಳಕ್ಕೆ ಕರೆದ.

"ಲಾಡ್ಜಿನ್ಯಾಗ ಏನಾತು?"

"ಈ ಮನಿ ಅಡ್ರೆಸ್ ಐತಂತ ಕೊಡ್ಲಿಲ್ಲ."

ಅವನು, ತಪ್ಪು ಲೆಕ್ಕ ಮಾಡಿದ ಹುಡುಗರಿಗೆ ನಾನು ಹೇಳುವ ಧಾಟಿಯಲ್ಲಿ, "ನಾ ಎರಡ ಸಲ ಹೇಳಿದ್ದೆ ನಿನಗ. ಆ ಅಡ್ರೆಸ್ ತೆಗಸು ಅಂತ" ಅಂದ.

ಹೇಳಿದ್ದ, ಸುಳ್ಳಲ್ಲ. ಅವ್ವ ಹೋದ ಮೂರನೇ ತಿಂಗಳಿಗೆ, ಮನೆ ಅವನ ಹೆಸರಿಗಾಗಲು ನನ್ನ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಬೇಕು ಎಂದೂ ಕೇಳಿದ್ದ. ನಾನು ಎರಡಕ್ಕೂ ಮಾಡೋಣ ಅಂದಿದ್ದೆ. ಮಾಡುವುದಿಲ್ಲ ಎಂದು ಒಂದು ದಿನವೂ ಅನ್ನಲಿಲ್ಲ, ಹೋಗಿ ಮಾಡಲೂ ಇಲ್ಲ. ಪಾಲಿನ ಆಸೆ ಇರಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಇತ್ತೋ ಇಲ್ಲವೋ ನನಗೇ ಗೊತ್ತಿಲ್ಲ. ಮುಂದೂಡುತ್ತ ಹೋದೆ, ಅಷ್ಟು ನಿಜ.

"ಒಂದ ರಾತ್ರಿ ಮಲಗಿದ್ರ ಮನಿ ನನ್ನದಾಗತಿತ್ತೇನು?"

"ವಕೀಲರು ಹೇಳ್ಯಾರ ತಂಗಿ. ಅಡ್ರೆಸ್ ಇಲ್ಲಿದೈತಿ, ಬಂದು ಇದ್ದು ಹೋಗ್ತಾಳ ಅಂದ್ರ ನಾಳೆ ಕೋರ್ಟಿನ್ಯಾಗ ಸ್ವಾಧೀನ ಐತಿ ಅಂತ ಆಗತೈತಂತ. ನಿನ್ನ ಮ್ಯಾಲ ಡೌಟಲ್ಲ. ನಾಳೆ ನಿನ್ನ ಗಂಡ ಏನಂತಾನೋ, ಮಕ್ಕಳು ಏನಂತಾವೋ."

ಆ ಮನುಷ್ಯ ಲಾಡ್ಜಿನಲ್ಲಿ ಅಂದ ಮಾತು ನನಗೆ ಅಷ್ಟು ನಾಟಿರಲಿಲ್ಲ. ಅವನಿಗೆ ನಾನು ಯಾರೋ. ಇವನು ಸಣ್ಣವಳಿದ್ದ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು.

ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಇಲ್ಲೇ ಇರ್ರಿ. ರೊಟ್ಟಿ ಬಡಿಯಾಕತ್ತೀನಿ. ಯಾರೂ ಹೋಗಂಗಿಲ್ಲ" ಅಂದಳು. ಅಣ್ಣ ನೆಲ ನೋಡುತ್ತ ನಿಂತ. ಅವನೊಂದು ಮಾತು ಅಂದಿದ್ದರೆ ಸಾಕಿತ್ತು. ಹೂಂ ಅಂದಿದ್ದರೂ ಸಾಕಿತ್ತು, ನಾನು ನಾಚಿಕೆ ಬಿಟ್ಟು ಇದ್ದುಬಿಡುತ್ತಿದ್ದೆ. ಅನ್ನಲಿಲ್ಲ. ನಾವು ಹೊರಟೆವು. ಕಾರು ಚಾಲೂ ಆದ ಮೇಲೆ ಅತ್ತಿಗೆ ಓಡಿ ಬಂದು, ಬಟ್ಟೆಯಲ್ಲಿ ಕಟ್ಟಿದ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಿಟಕಿಯಿಂದ ದೊಡ್ಡ ಮಗಳ ತೊಡೆಯ ಮೇಲಿಟ್ಟಳು.

ಮಸ್ಕಿ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬೇಸಿಗೆ ಭತ್ತದ ಕೊಯ್ಲು ನಡೆದಿತ್ತು. ಹಿಂದಿನ ದೀಪವಿಲ್ಲದ ಹುಲ್ಲಿನ ಟ್ರ್ಯಾಕ್ಟರುಗಳು ರಸ್ತೆ ತುಂಬ. ಗಂಡ ಸ್ಟೇರಿಂಗಿಗೆ ಎದೆಯಾನಿಸಿ ಓಡಿಸುತ್ತಿದ್ದರು. ಮಸ್ಕಿಯ ಒಂದು ಲಾಡ್ಜ್ ಮದುವೆಯವರಿಂದ ತುಂಬಿತ್ತು. ಇನ್ನೊಂದು ಬಾರಿನ ಮೇಲೆ, ಕಡಿದಾದ ಮೆಟ್ಟಿಲು. ನೋಡಿ ಬರಲು ಹತ್ತಿದ ಗಂಡ ಅರ್ಧಕ್ಕೇ ಇಳಿದು ಬಂದು, "ಬ್ಯಾಡ" ಅಂದರು. ದೊಡ್ಡವಳು ಫೋನು ಆರಿಸಿ ಬ್ಯಾಗಿಗೆ ಹಾಕಿದ್ದಳು.

ಲಿಂಗಸುಗೂರಿನಲ್ಲಿ ರೂಮು ಸಿಕ್ಕಿತು. ಕೆಳಗಿನದೇ, ಕಮೋಡ್ ಇದ್ದದ್ದೇ. ಗೋಡೆಯಲ್ಲಿ ಪಾನಿನ ಕಲೆ, ಫ್ಯಾನಿಗೆ ಒಂದೇ ವೇಗ. ಕಾರ್ಡು ಕೇಳಿದಾಗ ನಾನು ಪರ್ಸು ತೆರೆಯುವ ಮೊದಲೇ ಗಂಡ, "ಅವಳದು ಮನ್ಯಾಗ ಉಳಿದದ" ಅಂದರು. ಮ್ಯಾನೇಜರು ನನ್ನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ, ರಿಜಿಸ್ಟರಿನಲ್ಲಿ ಗಂಡನ ಹೆಸರಿನ ಮುಂದೆ ‘ಮತ್ತು ಫ್ಯಾಮಿಲಿ’ ಎಂದು ಬರೆದುಕೊಂಡ. ನನ್ನದೇ ತವರು ಜಿಲ್ಲೆಯಲ್ಲಿ ಒಂದು ರಾತ್ರಿ ಮಲಗಲು ನನ್ನ ಹೆಸರು ಮುಚ್ಚಿಡಬೇಕಾಯಿತು.

ಮಕ್ಕಳು ರೊಟ್ಟಿಯ ಗಂಟು ಬಿಚ್ಚಿ ಗಬಗಬ ತಿಂದವು. ನನ್ನ ಪಾಲಿನದನ್ನು ಚಿಕ್ಕವಳ ಮುಂದಿಟ್ಟೆ. ಅತ್ತೆ ನನ್ನ ಪಕ್ಕದಲ್ಲಿ ಕೂತು ಕಾಲು ಚಾಚಿ ಮಾತು ತೆಗೆದರು.

"ಹೋದ ವರ್ಷ ನನ್ನ ಮಗಳು ಒಂದ ತಿಂಗಳು ಇರ್ತೀನಂತ ಕೇಳಿದ್ದಳು. ಮಗನ ಟ್ಯೂಶನ್ ಸಲುವಾಗಿ. ನೀ ಮನಿಗೆ ಬಣ್ಣ ಹಚ್ಚಸ್ತೀವಿ ಅಂತ ಹೇಳಿದಿ. ನಾನೂ ಸುಮ್ಮನಿದ್ದೆ."

ಬಣ್ಣ ಹಚ್ಚಿಸಿರಲಿಲ್ಲ. ಅವರು ಅದನ್ನು ಚುಚ್ಚಲೆಂದು ಹೇಳಿದರೋ, ತಮ್ಮ ಪಾಲಿನ ತಪ್ಪನ್ನು ಹೇಳಿಕೊಂಡರೋ ಇಂದಿಗೂ ತಿಳಿದಿಲ್ಲ. ಕಲಬುರಗಿಗೆ ಬಂದ ಮೇಲೆ ನಾದಿನಿಗೆ ಫೋನು ಮಾಡಿ, ಮಗನನ್ನು ಕರೆದುಕೊಂಡು ಬಾ ಅಂದೆ. "ಬ್ಯಾಡ ವೈನಿ, ನಿಮಗ ಯಾಕ ತ್ರಾಸ" ಎಂದು ಬಹಳ ಮೆತ್ತಗೆ ಹೇಳಿ ಇಟ್ಟಳು.

ಆಷಾಢದಲ್ಲಿ ನಾನೇ ಅಣ್ಣನಿಗೆ ಫೋನು ಮಾಡಿ ಕಾಗದ ತಯಾರು ಮಾಡಿಸು ಎಂದೆ. ಗಂಡ ಬೇಡವೆಂದರು. "ನಿನ್ನ ಹಕ್ಕದ, ಯಾಕ ಬಿಡ್ತಿ?" ಅಂದರು. ಅವರು ಹಾಗೆ ಅಂದದ್ದೇ ಅಣ್ಣನ ಭಯ ಸುಳ್ಳಲ್ಲ ಎನ್ನುವಂತಿತ್ತು. ಅದಕ್ಕೇ ಇನ್ನಷ್ಟು ಹಟ ಬಂತು. ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟೆ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಸಿಟ್ಟಿನಿಂದ ಕೊಟ್ಟೆ.

ಬೆಳಗಿನ ಬಸ್ಸಿಗೆ ಒಬ್ಬಳೇ ಹೋದೆ. ಸಿಂಧನೂರಿನ ನೋಂದಣಿ ಕಚೇರಿಯಲ್ಲಿ ಫೋಟೊ ತೆಗೆದು, ಬೆರಳು ಒತ್ತಿಸಿಕೊಂಡರು. ಮೇಜಿನ ಆಚೆಯ ಹೆಣ್ಣುಮಗಳು ನಿಯಮದಂತೆ ಕೇಳಿದಳು:

"ಯಾರ ಒತ್ತಾಯನೂ ಇಲ್ಲದ ಸ್ವಇಚ್ಛೆಯಿಂದ ಬಿಟ್ಟುಕೊಡಾಕತ್ತೀರೇನ್ರಿ?"

"ಹೌದ್ರಿ" ಅಂದೆ. ಅಣ್ಣ ಪಕ್ಕದಲ್ಲಿ ಗೋಡೆಯ ಕಡೆ ನೋಡುತ್ತಿದ್ದ.

ಹೊರಗೆ ಬಂದ ಮೇಲೆ ಅವನ ಮುಖ ಹಗುರಾಗಿತ್ತು. ಮೊದಲಿನ ಅಣ್ಣನಂತೆಯೇ ಮಾತಾಡಿದ. "ಮನಿಗೆ ನಡಿ. ನಿಮ್ಮ ಅತ್ತಿಗಿ ಹೋಳಿಗಿ ಮಾಡ್ಯಾಳ. ಬೇಕಾದ್ರ ನಾಕ ದಿನ ಇದ್ದು ಹೋಗು."

"ಬಸ್ಸಿಗೆ ವ್ಯಾಳ್ಯಾ ಆತು" ಅಂದೆ.

ಅವನು ಬಸ್ ಸ್ಟ್ಯಾಂಡಿನ ತನಕ ಬೈಕಿನ ಮೇಲೆ ಬಿಟ್ಟು ಹೋದ. ಬಸ್ಸು ಇನ್ನೂ ಒಂದೂವರೆ ತಾಸಿಗಿತ್ತು. ಮನೆ ಅಲ್ಲಿಂದ ಹತ್ತು ನಿಮಿಷದ ಹಾದಿ. ಸಿಮೆಂಟಿನ ಬೆಂಚಿನ ಮೇಲೆ ಮುದಗಲ್ಲಿಗೆ ಹೋಗುವ ಮುದುಕಿಯೊಬ್ಬಳ ಪಕ್ಕದಲ್ಲಿ ಕೂತು, ಕಲಬುರಗಿ ಬಸ್ಸು ಬರುವ ತನಕ ಹಸಿದುಕೊಂಡೇ ಕಾದೆ.